ಒಂದು ಓಲೆ, ನಲವತ್ತು ವರ್ಷಗಳ ಕಾಳಗ: ಮ್ಯೌಂಗ್‌ಮ್ಯಾದ ಮಾಂಡಲಿಕ ಲೌಕ್‌ಪ್ಯಾ

ಇತಿಹಾಸದ ಪುಸ್ತಕಗಳಲ್ಲಿ ರಾಜರಿಗೆ ಅಧ್ಯಾಯಗಳು ದೊರೆಯುತ್ತವೆ. ಅವರ ಕೈಕೆಳಗಿದ್ದ ಪ್ರಾಂತಾಧಿಕಾರಿಗಳಿಗೆ ಹೆಚ್ಚೆಂದರೆ ಒಂದೆರಡು ಸಾಲು. ಆದರೆ ರಾಜ್ಯಗಳ ಹಣೆಬರಹ ಎಲ್ಲ ಕಾಲದಲ್ಲೂ ರಾಜಧಾನಿಯಲ್ಲೇ ಬರೆಯಲ್ಪಡುತ್ತದೆ ಎನ್ನುವಂತಿಲ್ಲ. ಅದನ್ನು ಕೆಲವೊಮ್ಮೆ ದೂರದ ಗಡಿಯ ಒಂದು ಊರಿನಲ್ಲಿ ಕುಳಿತ ಅಧಿಕಾರಿಯೊಬ್ಬ ಬರೆದುಬಿಡುತ್ತಾನೆ. ವೀಕ್ಷಕರೇ, ಈ ಮಾತಿಗೆ ನಿದರ್ಶನವಾಗಿ ಹದಿನಾಲ್ಕನೆಯ ಶತಮಾನದ ಬರ್ಮಾ ದೇಶದ, ಎಂದರೆ ಇಂದಿನ ಮ್ಯಾನ್ಮಾರಿನ, ಒಬ್ಬ ಮಾಂಡಲಿಕನ ಕಥೆಯನ್ನು ಇಲ್ಲಿ ನೋಡೋಣ. ಅವನ ಹೆಸರು ಲೌಕ್‌ಪ್ಯಾ. ಐರಾವತಿ ನದಿಯ ಮುಖಜಭೂಮಿಯಲ್ಲಿರುವ ಮ್ಯೌಂಗ್‌ಮ್ಯಾ ಎಂಬ ಊರು ಅವನ ಅಧಿಕಾರದ ನೆಲೆ. ಇಪ್ಪತ್ತಾರು ವರ್ಷ ಅವನು ಅಲ್ಲಿ ರಾಜನ ಹಂಗಿಲ್ಲದೆ ಆಳಿದ. ಅವನು ನೆರೆರಾಜ್ಯದ ಅರಸನಿಗೆ ಕಳುಹಿಸಿದ ಒಂದು ಓಲೆ ನಲವತ್ತು ವರ್ಷಗಳ ಕಾಳಗಕ್ಕೆ ನಾಂದಿಯಾಯಿತು.

ಎರಡು ರಾಜ್ಯಗಳು, ಒಂದು ನದಿ

ಮೊದಲು ಕಾಲ ದೇಶಗಳ ಪರಿಚಯ ಮಾಡಿಕೊಳ್ಳಬೇಕು. ಹನ್ನೊಂದನೆಯ ಶತಮಾನದ ನಡುವಿನಿಂದ ಐರಾವತಿ ಕಣಿವೆಯ ಬಹುಭಾಗವನ್ನು ಒಂದೇ ಛತ್ರದ ಕೆಳಗೆ ತಂದಿದ್ದ ಪಗಾನ್ ಸಾಮ್ರಾಜ್ಯ ಹದಿಮೂರನೆಯ ಶತಮಾನದ ಕೊನೆಯಲ್ಲಿ, ಮಂಗೋಲರ ದಾಳಿಯ ದಿನಗಳಲ್ಲಿ, ಒಡೆದು ಹೋಳಾಯಿತು. ಒಡೆದ ಹೋಳುಗಳಲ್ಲಿ ಎರಡು ಮುಖ್ಯವಾದವು. ಉತ್ತರದ ಒಣಪ್ರದೇಶದಲ್ಲಿ 1365ರ ಸುಮಾರಿಗೆ ಆವಾ ಎಂಬ ಹೊಸ ರಾಜಧಾನಿ ಎದ್ದಿತು. ಅಲ್ಲಿ ಆಳುವವರ ಭಾಷೆ ಬರ್ಮೀ. ಅನ್ನ ಕೊಡುತ್ತಿದ್ದುದು ಕ್ಯೌಕ್ಸೆ ಬಯಲಿನ ನೀರಾವರಿ ಗದ್ದೆಗಳು. ದಕ್ಷಿಣದ ಕರಾವಳಿಯಲ್ಲಿ ವಾರೆರು ಎಂಬ ನಾಯಕ 1287ರಲ್ಲಿ ಮಾರ್ತಬಾನ್ ಪಟ್ಟಣವನ್ನು ಕೇಂದ್ರವಾಗಿಟ್ಟುಕೊಂಡು ಬೇರೊಂದು ರಾಜ್ಯ ಕಟ್ಟಿದ್ದ. ಅಲ್ಲಿನ ಮುಖ್ಯ ಭಾಷೆ ಮೋನ್. ಆ ರಾಜ್ಯವನ್ನು ಹಂಥಾವಡಿ ಎನ್ನುತ್ತಾರೆ. ಹೆಸರು ವಿಚಿತ್ರವಾಗಿ ಕೇಳಿಸಿದರೂ ಅದು ನಮಗೆ ಪರಿಚಿತವಾದ ‘ಹಂಸಾವತಿ’ಯೇ. ಬೌದ್ಧಧರ್ಮದೊಡನೆ ಹೋದ ಪಾಲಿ ಮತ್ತು ಸಂಸ್ಕೃತದ ಹೆಸರುಗಳು ಆ ನಾಡಿನ ನಾಲಿಗೆಯಲ್ಲಿ ಹೊಸ ರೂಪ ತಾಳಿವೆ.

ಈ ದಕ್ಷಿಣದ ರಾಜ್ಯ ಮೂರು ಭಾಗಗಳ ಕೂಟವಾಗಿತ್ತು. ಪೂರ್ವದಲ್ಲಿ ಮಾರ್ತಬಾನ್, ನಡುವೆ ಪೆಗು, ಪಶ್ಚಿಮದಲ್ಲಿ ಐರಾವತಿಯ ಮುಖಜಭೂಮಿ. ಮಾರ್ತಬಾನ್ ಸಮುದ್ರ ವ್ಯಾಪಾರದ ಬಂದರು. ಮೆರುಗೆಣ್ಣೆ ಬಳಿದ ಅದರ ದೊಡ್ಡ ಭರಣಿಗಳು ದೇಶಾಂತರಗಳಿಗೆ ಹೋಗುತ್ತಿದ್ದವು. ಉತ್ತರ ಭಾರತದಲ್ಲಿ ಉಪ್ಪಿನಕಾಯಿ ಭರಣಿಗೆ ಮರ್ತಬಾನ್ ಎನ್ನುವ ಹೆಸರು ಬಂದದ್ದು ಈ ಪಟ್ಟಣದಿಂದಲೇ. ಮುಖಜಭೂಮಿಯ ವಿಷಯ ಬೇರೆ. ‘ರಂಗೂನ್ ಅಕ್ಕಿ’ಯ ಹೆಸರು ಕೇಳಿದವರು ಅದನ್ನು ಕೊನೆಯಿಲ್ಲದ ಗದ್ದೆಬಯಲೆಂದು ಭಾವಿಸಬಹುದು. ಆ ಗದ್ದೆಗಳು ಮುಖ್ಯವಾಗಿ 1852ರಲ್ಲಿ ಬ್ರಿಟಿಷರು ಆ ಪ್ರದೇಶವನ್ನು ವಶಪಡಿಸಿಕೊಂಡ ನಂತರ ಕಾಡು ಕಡಿದು ಮಾಡಿದವು. ಲೌಕ್‌ಪ್ಯಾನ ಕಾಲಕ್ಕೆ ಅದು ಕವಲೊಡೆದ ನದಿಗಳ, ಕೆಸರಿನ, ದಟ್ಟ ಕಾಡಿನ ನಾಡು, ಜನವಸತಿ ವಿರಳ. ದಾರಿ ಎಂದರೆ ನೀರು, ವಾಹನ ಎಂದರೆ ದೋಣಿ. ದೋಣಿಗಳೂ ಅಂಬಿಗರೂ ಯಾರ ಕೈಯಲ್ಲಿದ್ದರೋ ನಾಡು ಅವರ ಕೈಯಲ್ಲಿ.

ಊರನ್ನು ಉಣ್ಣುವವನು

ಇಂಥ ಒಂದೊಂದು ಪ್ರಾಂತವನ್ನೂ ರಾಜ ತನ್ನ ಬಂಧುವಿಗೋ ನಂಬಿಕೆಯ ಸೇನಾನಿಗೋ ವಹಿಸುತ್ತಿದ್ದ. ಅಂಥವನನ್ನು ಬರ್ಮೀ ಭಾಷೆಯಲ್ಲಿ ‘ಮ್ಯೋಝಾ’ ಎನ್ನುತ್ತಾರೆ. ‘ಊರನ್ನು ಉಣ್ಣುವವನು’ ಎಂದು ಅದರ ಅರ್ಥ. ನಮ್ಮ ‘ಉಂಬಳಿ’ ಎಂಬ ಮಾತಿನಲ್ಲೂ ಇದೇ ಉಣ್ಣುವ ಭಾವ ಅಡಗಿರುವುದನ್ನು ಓದುಗರು ಗಮನಿಸಬಹುದು. ಅಧಿಕಾರಿಗೆ ರಾಜ ಸಂಬಳ ಕೊಡುವುದಿಲ್ಲ, ಊರನ್ನು ಕೊಡುತ್ತಾನೆ. ಆ ಊರಿನ ಕಂದಾಯದಲ್ಲಿ, ಸುಂಕದಲ್ಲಿ ಅವನ ಪಾಲು ಅವನಿಗೆ. ಪ್ರತಿಯಾಗಿ ಅವನು ವರ್ಷಕ್ಕೊಮ್ಮೆ ರಾಜನ ಸನ್ನಿಧಿಗೆ ಬಂದು ಕಾಣಿಕೆ ಒಪ್ಪಿಸಿ ನಿಷ್ಠೆಯ ಪ್ರಮಾಣ ಮಾಡಬೇಕು. ಯುದ್ಧ ಬಂದಾಗ ತನ್ನ ಜನರನ್ನು ಕಟ್ಟಿಕೊಂಡು ಬರಬೇಕು.

ಈ ಏರ್ಪಾಡಿನ ಬಲವೂ ಅದೇ, ದೌರ್ಬಲ್ಯವೂ ಅದೇ. ರಾಜ ಸಮರ್ಥನಾಗಿದ್ದರೆ ಪ್ರಾಂತಾಧಿಕಾರಿ ಅವನ ತೋಳು. ರಾಜ ಸಡಿಲಾದರೆ ಅದೇ ತೋಳು ಬೇರೊಂದು ದೇಹವಾಗಿಬಿಡುತ್ತದೆ. ಏಕೆಂದರೆ ಸೈನಿಕರು ದಿನವೂ ನೋಡುವ ಮುಖ ರಾಜನದಲ್ಲ, ಈ ಅಧಿಕಾರಿಯದು. ಅವರಿಗೆ ಅನ್ನ ಬರುವುದು ಇವನ ಕೈಯಿಂದ. ಅವನಿಗೆ ಕೋಟೆಯಿದೆ, ಉಗ್ರಾಣವಿದೆ, ದೋಣಿಗಳಿವೆ. ಸ್ವತಂತ್ರನಾಗಲು ಅವನು ಹೊಸದಾಗಿ ಮಾಡಬೇಕಾದ್ದು ಏನೂ ಇಲ್ಲ. ಕಾಣಿಕೆ ಕಳುಹಿಸುವುದನ್ನು ನಿಲ್ಲಿಸಿದರೆ ಸಾಕು.

1364ರ ಸುಮಾರಿನಲ್ಲಿ ಹಂಸಾವತಿಯಲ್ಲಿ ನಡೆದದ್ದು ಇದೇ. ಆಗಿನ ರಾಜ ಬಿನ್ಯಾ ಊ ಆನೆ ಬೇಟೆಗೆಂದು ರಾಜಧಾನಿ ಮಾರ್ತಬಾನ್ ಬಿಟ್ಟು ಹೋಗಿದ್ದ. ಅವನು ಹಿಂದಿರುಗುವಷ್ಟರಲ್ಲಿ ಬ್ಯಾತ್ತಬ ಎಂಬವನು ಪಟ್ಟಣವನ್ನು ವಶಪಡಿಸಿಕೊಂಡು ಬಾಗಿಲು ಹಾಕಿಕೊಂಡ. ಈ ಬ್ಯಾತ್ತಬ ಲೌಕ್‌ಪ್ಯಾನ ಸಹೋದರ. ಪೂರ್ವದಲ್ಲಿ ಅಣ್ಣತಮ್ಮಂದಿರಲ್ಲೊಬ್ಬ ಮಾರ್ತಬಾನ್ ಹಿಡಿದರೆ, ಪಶ್ಚಿಮದಲ್ಲಿ ಇನ್ನೊಬ್ಬ ಮ್ಯೌಂಗ್‌ಮ್ಯಾದಲ್ಲಿ ತಲೆಯೆತ್ತಿದ. ರಾಜ್ಯದ ಎರಡು ರೆಕ್ಕೆಗಳೂ ಒಂದೇ ಮನೆತನದ ಪಾಲಾದವು. ರಾಜ ಮೊದಲು ದೊನ್‌ವುನ್ ಎಂಬ ಊರಿನಲ್ಲಿ ನೆಲೆಸಿದ. 1369ರ ವೇಳೆಗೆ ಅದನ್ನೂ ಕಳೆದುಕೊಂಡು ಪೆಗುವಿಗೆ ಬಂದ. ಕೊನೆಗೆ ಒಂದು ಒಪ್ಪಂದವೇನೋ ಆಯಿತು. ಸಹೋದರರು ಬಾಯಿಮಾತಿಗೆ ರಾಜನನ್ನು ಒಡೆಯನೆಂದು ಒಪ್ಪಿಕೊಂಡರು. ರಾಜ ಅವರ ಊರುಗಳ ತಂಟೆಗೆ ಹೋಗಲಿಲ್ಲ.

ಈ ಘಟನೆಯ ಒಂದು ಪರಿಣಾಮವನ್ನು ಇಲ್ಲಿಯೇ ಹೇಳಿಬಿಡಬೇಕು. ಮಾರ್ತಬಾನ್ ಕೈತಪ್ಪಿದ್ದರಿಂದ ಅನಿವಾರ್ಯವಾಗಿ ರಾಜಧಾನಿಯಾದ ಪೆಗು ಮುಂದೆ ಸುಮಾರು ನೂರ ಎಪ್ಪತ್ತು ವರ್ಷ ಈ ರಾಜ್ಯದ ರಾಜಧಾನಿಯಾಗಿಯೇ ಉಳಿಯಿತು. ರಾಜನನ್ನು ಓಡಿಸಿದವರು ತಾವರಿಯದೆಯೇ ರಾಜ್ಯಕ್ಕೆ ಅದರ ಹೃದಯಸ್ಥಾನವನ್ನು ತೋರಿಸಿಕೊಟ್ಟಿದ್ದರು.

ಓಲೆ

1384ರ ಜನವರಿಯಲ್ಲಿ ಬಿನ್ಯಾ ಊ ತೀರಿಕೊಂಡ. ಪಟ್ಟಕ್ಕೆ ಬಂದವನು ಅವನ ಮಗ ಬಿನ್ಯಾ ನ್ವೆ. ತಂದೆ ಬದುಕಿರುವಾಗಲೇ ದಗೊನ್‌ಗೆ, ಎಂದರೆ ಇಂದಿನ ಯಾಂಗೋನ್‌ಗೆ, ಓಡಿಹೋಗಿ ದಂಗೆಯೆದ್ದಿದ್ದ ಹುಡುಗ ಅವನು. ವಯಸ್ಸು ಹದಿನಾರು ತುಂಬಿರಲಿಲ್ಲ. ಅವನು ಧರಿಸಿದ ಬಿರುದು ‘ರಾಜಾದರಿತ್’, ಎಂದರೆ ರಾಜಾಧಿರಾಜ. ಬಿರುದು ದೊಡ್ಡದು, ಆದರೆ ಅವನ ಆಜ್ಞೆ ನಿಜವಾಗಿ ನಡೆಯುತ್ತಿದ್ದುದು ಪೆಗು ಪ್ರಾಂತದಲ್ಲಿ ಮಾತ್ರ.

ಮ್ಯೌಂಗ್‌ಮ್ಯಾದಲ್ಲಿ ಕುಳಿತಿದ್ದ ಲೌಕ್‌ಪ್ಯಾನಿಗೆ ಈ ಸುದ್ದಿ ಹೇಗೆ ಕೇಳಿಸಿರಬೇಕು? ಇಪ್ಪತ್ತು ವರ್ಷ ಕಾಲ ಅವನು ಹಳೆಯ ರಾಜನೊಡನೆ ಒಂದು ಲೆಕ್ಕಾಚಾರದಲ್ಲಿ ಬದುಕಿದ್ದ. ರಾಜನಿಗೆ ಅವನನ್ನು ಅಡಗಿಸುವ ಶಕ್ತಿಯಿರಲಿಲ್ಲ. ಅವನಿಗೂ ರಾಜನನ್ನು ಮುಗಿಸುವ ಅಗತ್ಯವಿರಲಿಲ್ಲ. ಈಗ ಬಂದವನು ತಂದೆಯ ಮೇಲೆಯೇ ಕತ್ತಿ ಎತ್ತಿದ ತರುಣ. ಹಳೆಯ ಒಪ್ಪಂದವನ್ನು ಗೌರವಿಸುವನೆಂಬ ಭರವಸೆಯಿಲ್ಲ. ಅವನು ಬಲಿತ ಮೇಲೆ ಮೊದಲು ನೋಡುವುದು ಯಾರ ಕಡೆಗೆ ಎಂಬುದನ್ನು ಊಹಿಸಲು ಲೌಕ್‌ಪ್ಯಾನಿಗೆ ಜ್ಯೋತಿಷಿಗಳ ನೆರವು ಬೇಕಾಗಿರಲಿಲ್ಲ.

ಆಗ ಅವನು ಆವಾದ ರಾಜ ಸ್ವಾ ಸೋ ಕೆಗೆ ಓಲೆ ಕಳುಹಿಸಿದ. ವೃತ್ತಾಂತಗಳು ತಿಳಿಸುವ ಅದರ ಸಾರಾಂಶ ಇಷ್ಟು: ಹೊಸ ರಾಜ ಇನ್ನೂ ಬೇರೂರಿಲ್ಲ, ಈಗಲೇ ದಂಡೆತ್ತಿ ಬನ್ನಿ. ನೀವು ಉತ್ತರದಿಂದ ಇಳಿದರೆ ನಾನು ಪಶ್ಚಿಮದಿಂದ ಜಲಮಾರ್ಗವಾಗಿ ಪಡೆ ತರುತ್ತೇನೆ. ಗೆದ್ದ ಮೇಲೆ ನಿಮ್ಮ ಸಾಮಂತನಾಗಿ ಈ ನಾಡನ್ನು ನಾನು ಆಳುತ್ತೇನೆ.

ಸ್ವಾ ಸೋ ಕೆ 1367ರಿಂದ ಆಳುತ್ತಿದ್ದ ಅನುಭವಿ. ಬಿನ್ಯಾ ಊ ಬದುಕಿದ್ದಾಗ ಅವನೊಡನೆ ಸ್ನೇಹದ ಒಪ್ಪಂದ ಮಾಡಿಕೊಂಡಿದ್ದವನು. ಪಗಾನ್ ಸಾಮ್ರಾಜ್ಯವನ್ನು ಮತ್ತೆ ಕಟ್ಟುವ ಆಸೆ ಆವಾದ ರಾಜರಿಗೆ ಇದ್ದೇ ಇತ್ತು. ಆದರೆ ಆಸೆಗೂ ದಂಡಯಾತ್ರೆಗೂ ನಡುವೆ ಒಂದು ಅವಕಾಶ ಬೇಕು. ಆ ಅವಕಾಶ ಈಗ ತಾನಾಗಿಯೇ ಓಲೆಯ ರೂಪದಲ್ಲಿ ಬಂದಿತ್ತು. 1385ರಲ್ಲಿ ಮಳೆ ನಿಂತು ನೆಲ ಒಣಗಿದ ಮೇಲೆ ಆವಾದ ಸೈನ್ಯ ಎರಡು ದಾರಿಗಳಲ್ಲಿ ದಕ್ಷಿಣಕ್ಕೆ ಹೊರಟಿತು. ಒಂದು ತೌಂಗೂ ಮೂಲಕ ಸಿತ್ತೌಂಗ್ ಕಣಿವೆಯಲ್ಲಿ. ಇನ್ನೊಂದು ಪ್ರೋಮ್ ಮೂಲಕ ಐರಾವತಿಯ ಗುಂಟ. ದಂಡನಾಯಕರೆಂಬ ಹೆಸರು ರಾಜನ ಎಳೆಯ ಮಕ್ಕಳದು. ಎದುರಿಗಿದ್ದ ರಾಜನೂ ಹುಡುಗನೇ.

ಮಳೆ ಯಾರ ಪಕ್ಷ

ಯುದ್ಧ ಒಂದೇ ಋತುವಿನಲ್ಲಿ ಮುಗಿಯುತ್ತದೆಂದು ಆವಾ ನಂಬಿತ್ತು. ಹಾಗಾಗಲಿಲ್ಲ. ಆ ನಾಡಿನಲ್ಲಿ ದಂಡಯಾತ್ರೆಗೆ ಸಿಗುವುದು ವರ್ಷದಲ್ಲಿ ಐದಾರು ತಿಂಗಳು ಮಾತ್ರ. ಮೇ ತಿಂಗಳಲ್ಲಿ ಮುಂಗಾರು ಇಳಿದರೆ ತಗ್ಗುನೆಲವೆಲ್ಲ ನೀರು. ಕುದುರೆ, ಆನೆ, ಅಕ್ಕಿಯ ಮೂಟೆ ಯಾವುದೂ ಸಾಗುವುದಿಲ್ಲ. ಪಾಳೆಯದಲ್ಲಿ ಜ್ವರ ಹಬ್ಬುತ್ತದೆ. ಉತ್ತರದಿಂದ ಬಂದವರು ಅಷ್ಟರೊಳಗೆ ಗೆಲ್ಲಬೇಕು, ಇಲ್ಲವೇ ಹಿಂದಿರುಗಬೇಕು. ದಕ್ಷಿಣದವರು ಗೆಲ್ಲಬೇಕಾಗಿಲ್ಲ, ಮಳೆ ಬರುವವರೆಗೆ ಮರದ ದಿಮ್ಮಿಗಳ ಕೋಟೆಯೊಳಗೆ ಗಟ್ಟಿಯಾಗಿ ನಿಂತರೆ ಸಾಕು. ರಾಜಾದರಿತ್ ನಿಂತ. ಮರುವರ್ಷ ಸ್ವಾ ಸೋ ಕೆ ತಾನೇ ದಂಡೆತ್ತಿ ಬಂದ. 1387ರ ಮಳೆಗೆ ಮುಂಚೆ ಅವನೂ ಬರಿಗೈಯಲ್ಲಿ ಹಿಂದಿರುಗಿದ.

ಇಲ್ಲಿಂದ ಕಥೆ ತಿರುವು ಪಡೆಯುತ್ತದೆ. ಎರಡು ದಾಳಿಗಳನ್ನು ತಾಳಿಕೊಂಡ ಹುಡುಗರಾಜನ ಬಳಿ ಈಗ ಪಳಗಿದ ಸೈನ್ಯವಿತ್ತು. ತನ್ನವರಲ್ಲಿ ಯಾರು ನಿಜವಾಗಿ ತನ್ನವರು ಎಂಬ ಅರಿವಿತ್ತು. ಶತ್ರು ದೂರದ ಆವಾದಲ್ಲಿ ಮಾತ್ರವಲ್ಲ, ಮನೆಯ ಎರಡು ಮೂಲೆಗಳಲ್ಲಿಯೂ ಕುಳಿತಿದ್ದಾನೆ ಎಂಬುದು ಅವನಿಗೆ ಸ್ಪಷ್ಟವಾಗಿತ್ತು. ಅವನು ಉತ್ತರಕ್ಕೆ ಹೋಗಲಿಲ್ಲ. ಮೊದಲು ಪೂರ್ವಕ್ಕೆ ತಿರುಗಿದ. 1388ರಲ್ಲಿ ಬ್ಯಾತ್ತಬನ ಮಾರ್ತಬಾನ್ ಬಿತ್ತು. ಬಂದರಿನ ಸುಂಕದ ಆದಾಯ ಕಾಲು ಶತಮಾನದ ಬಳಿಕ ರಾಜನ ಬೊಕ್ಕಸಕ್ಕೆ ಮರಳಿತು. ಆ ಹಣ, ಆ ಹಡಗುಗಳು ಜೊತೆಗಿರಲು ಅವನು ಪಶ್ಚಿಮಕ್ಕೆ ನಡೆದ. ಮ್ಯೌಂಗ್‌ಮ್ಯಾದ ಕೋಟೆ ಬಲವಾಗಿತ್ತು, ಅದರ ಒಡೆಯನೂ ಯುದ್ಧ ಬಲ್ಲವನು. ಆದರೆ ಓಲೆ ಬರೆಸಿಕೊಂಡ ದೊರೆಯ ನೆರವು ಸಕಾಲಕ್ಕೆ ಬರಲಿಲ್ಲ. 1390ರಲ್ಲಿ ಲೌಕ್‌ಪ್ಯಾ ಸೆರೆಸಿಕ್ಕಿದ. ಅವನ ಬಂಧುಗಳು ತಪ್ಪಿಸಿಕೊಂಡು ಆವಾ ಸೇರಿ ಅಲ್ಲಿನ ರಾಜನ ಆಶ್ರಯ ಪಡೆದರು. ಹಂಸಾವತಿಯ ಮೂರು ಪ್ರಾಂತಗಳೂ ಇಪ್ಪತ್ತಾರು ವರ್ಷಗಳ ನಂತರ ಒಬ್ಬನೇ ರಾಜನ ಕೈಗೆ ಬಂದವು.

ರಾಜ್ಯವನ್ನು ಒಡೆಯಲು ಬರೆದ ಓಲೆ ರಾಜ್ಯವನ್ನು ಬೆಸೆಯಿತು. ಆವಾದ ದಾಳಿ ಬರದೆ ಇದ್ದಿದ್ದರೆ ರಾಜಾದರಿತ್ ತಂದೆಯಂತೆಯೇ ಮೂರರಲ್ಲೊಂದು ಪಾಲಿನ ರಾಜನಾಗಿ ಉಳಿದುಬಿಡುವ ಸಾಧ್ಯತೆ ಇತ್ತು. ಲೌಕ್‌ಪ್ಯಾ ತನ್ನ ಸ್ವಾತಂತ್ರ್ಯವನ್ನು ಕಾಪಾಡಿಕೊಳ್ಳಲು ಹಿಡಿದ ದಾರಿಯೇ ಅದನ್ನು ಕೊನೆಗಾಣಿಸಿತು. ಅವನ ತಪ್ಪು ಧೈರ್ಯದ ಕೊರತೆಯಲ್ಲ, ಲೆಕ್ಕದ ತಪ್ಪು. ದುರ್ಬಲ ರಾಜನ ಪಕ್ಕದಲ್ಲಿ ಬಲವಾದ ಮಾಂಡಲಿಕ ಬದುಕಬಹುದು; ಎರಡು ಬಲವಾದ ರಾಜ್ಯಗಳ ನಡುವೆ ಅವನಿಗೆ ಜಾಗವಿರುವುದಿಲ್ಲ. ಎರಡನೆಯ ಬಲಶಾಲಿಯನ್ನು ಕರೆತಂದವನು ಅವನೇ.

ಓಲೆ ಬರೆದವನು ರಂಗದಿಂದ ಸರಿದರೂ ಕಾಳಗ ನಿಲ್ಲಲಿಲ್ಲ. 1391ರಲ್ಲಿ ಒಂದು ಕದನವಿರಾಮವಾಯಿತು. 1400ರಲ್ಲಿ ಸ್ವಾ ಸೋ ಕೆ ತೀರಿಕೊಂಡು, ಕೆಲವು ತಿಂಗಳ ಗೊಂದಲದ ನಂತರ ಅವನ ಮಗ ಮಿಂಖೌಂಗ್ ಪಟ್ಟವೇರಿದ. ಆ ಗೊಂದಲವನ್ನು ಕಂಡ ರಾಜಾದರಿತ್ ಈ ಸಲ ತಾನೇ ಯುದ್ಧದೋಣಿಗಳ ಸಾಲು ಕಟ್ಟಿಕೊಂಡು ಐರಾವತಿಯನ್ನು ಏರಿ ಉತ್ತರಕ್ಕೆ ಹೋದ. ಹುಡುಗರಾಜನ ಮೇಲೆ ಬಂದವರಿಗೆ ಅದೇ ಪಾಠವನ್ನು ತಿರುಗಿ ಕಲಿಸಿದಂತಾಯಿತು. 1403ರ ಸಂಧಿ ಬಹುಕಾಲ ಬಾಳಲಿಲ್ಲ. ಅರಕಾನ್ ನಾಡಿಗಾಗಿ ಮತ್ತೆ ಜಗಳ ಹತ್ತಿತು. ಕೊನೆಯ ಘೋರ ಹಂತದಲ್ಲಿ ಆವಾದ ಯುವರಾಜ ಮಿನ್‌ಯೆ ಚೋಸ್ವಾ ಮುಖಜಭೂಮಿಯನ್ನು ಆಕ್ರಮಿಸಿದ. ಲೌಕ್‌ಪ್ಯಾನ ಹಳೆಯ ನಾಡು ಮತ್ತೆ ರಣರಂಗವಾಯಿತು. 1415ರಲ್ಲಿ ಆ ಯುವರಾಜ ದಲಾ ಎಂಬಲ್ಲಿ ಹೋರಾಡುತ್ತ ಮಡಿದ. 1421ರ ಸುಮಾರಿನಲ್ಲಿ ಇಬ್ಬರು ರಾಜರೂ ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಂಡ ಮೇಲೆ ಕಾಳಗದ ಕಾವು ಇಳಿಯಿತು. 1424ರಲ್ಲಿ ಅದು ಕೊನೆಗೊಂಡಾಗ ಗಡಿ ಹೆಚ್ಚೇನೂ ಸರಿದಿರಲಿಲ್ಲ. ನಡುವೆ ಒಂದು ತಲೆಮಾರೇ ಕಳೆದುಹೋಗಿತ್ತು.

ಯಾರು ಯಾರ ವಿರುದ್ಧ

ಈ ಯುದ್ಧವನ್ನು ಬರ್ಮೀ ಜನಾಂಗ ಮತ್ತು ಮೋನ್ ಜನಾಂಗಗಳ ನಡುವಿನ ಹೋರಾಟವೆಂದು ಬಹುಕಾಲ ವರ್ಣಿಸಲಾಗಿದೆ. ಹಾಗೆ ಓದಿದಾಗ ಕಥೆ ಸುಲಭವಾಗುತ್ತದೆ. ಒಂದು ಭಾಷೆಯವರು ಇನ್ನೊಂದು ಭಾಷೆಯವರ ಮೇಲೆ ಬಿದ್ದರು, ಅಷ್ಟೆ. ಆದರೆ ಲೌಕ್‌ಪ್ಯಾ ಈ ಸುಲಭದ ಕಥೆಯೊಳಗೆ ಹಿಡಿಯುವುದಿಲ್ಲ. ದಕ್ಷಿಣದ ರಾಜ್ಯದ ಪ್ರಾಂತವನ್ನು ಆಳುತ್ತಿದ್ದವನು ದಕ್ಷಿಣದ ರಾಜನನ್ನು ಇಳಿಸಲು ಉತ್ತರದ ರಾಜನನ್ನು ಕರೆದ. ಉತ್ತರದ ರಾಜ ಆ ಹಿಂದಿನ ದಕ್ಷಿಣದ ರಾಜನ ಸ್ನೇಹಿತನಾಗಿದ್ದ. ದಕ್ಷಿಣದ ಮಾಂಡಲಿಕನ ಬಂಧುಗಳು ಉತ್ತರದ ಆಸ್ಥಾನದಲ್ಲಿ ನೆಲೆ ಕಂಡರು. ಇಲ್ಲೆಲ್ಲ ನಿಷ್ಠೆ ಹರಿಯುತ್ತಿದ್ದುದು ಭಾಷೆಯ ಗುಂಟ ಅಲ್ಲ. ರಕ್ತಸಂಬಂಧ, ಮದುವೆ, ಊರು, ಅನ್ನ ಕೊಟ್ಟ ಒಡೆಯ, ಇವುಗಳ ಗುಂಟ. ಬರ್ಮಾದ ಹಳೆಯ ಯುದ್ಧಗಳನ್ನು ಜನಾಂಗಗಳ ಕಾಳಗವೆಂದೇ ಓದಬಾರದೆಂದು ವಿಕ್ಟರ್ ಲೀಬರ್‌ಮನ್ ಅವರಂಥ ಇತಿಹಾಸಕಾರರು 1970ರ ದಶಕದಿಂದ ವಾದಿಸುತ್ತ ಬಂದಿದ್ದಾರೆ. ಭಾಷೆಯ ಅಭಿಮಾನ ಆಗ ಇರಲಿಲ್ಲವೆಂದಲ್ಲ. ಅದೊಂದೇ ಎಲ್ಲವನ್ನೂ ನಿರ್ಧರಿಸುತ್ತಿರಲಿಲ್ಲ ಎಂಬುದಷ್ಟೇ ಮಾತು. ಜನಾಂಗಗಳ ಹೆಸರಿನಲ್ಲಿ ಇಂದಿಗೂ ನೆತ್ತರು ಹರಿಯುತ್ತಿರುವ ಆ ದೇಶದಲ್ಲಿ, ‘ಇದು ಅನಾದಿಯಿಂದ ಬಂದ ಹಗೆ’ ಎಂದು ಹೇಳುವವರಿಗೆ ಈ ಚಿಕ್ಕ ವ್ಯತ್ಯಾಸ ಸಣ್ಣ ಉತ್ತರವೇನಲ್ಲ.

ಹಾಗಾದರೆ ಲೌಕ್‌ಪ್ಯಾ ದ್ರೋಹಿಯೇ? ಪೆಗುವಿನ ದೃಷ್ಟಿಯಲ್ಲಿ ಸಂಶಯವಿಲ್ಲದೆ ದ್ರೋಹಿ. ಆದರೆ ರಾಜಾದರಿತ್ ಕೂಡ ತಂದೆಯ ವಿರುದ್ಧ ದಂಗೆಯೆದ್ದೇ ಸಿಂಹಾಸನಕ್ಕೆ ಹತ್ತಿರವಾದವನು. ಗೆದ್ದವನ ದಂಗೆ ಪಟ್ಟಾಭಿಷೇಕದ ಪೀಠಿಕೆಯಾಗುತ್ತದೆ, ಸೋತವನದು ದ್ರೋಹವಾಗುತ್ತದೆ. ಇಬ್ಬರಿಗಾಗಿ ದೋಣಿಗೆ ಹುಟ್ಟು ಹಾಕಿದ ಅಂಬಿಗರಿಗೆ, ಕೋಟೆಯ ದಿಮ್ಮಿ ಹೊತ್ತ ಒಕ್ಕಲಿಗರಿಗೆ, ಸೆರೆಯಾಗಿ ಪರನಾಡಿಗೆ ಒಯ್ಯಲ್ಪಟ್ಟ ಕುಟುಂಬಗಳಿಗೆ ಈ ಎರಡರ ಅಂತರ ಎಷ್ಟು ತಿಳಿದಿತ್ತೋ.

ಸೇನಾನಿಯ ಕಥೆ ಬರೆದ ಸೇನಾನಿ

ಈ ವೃತ್ತಾಂತ ನಮಗೆ ದೊರೆತ ಬಗೆಯೂ ಸ್ವಾರಸ್ಯವಾದದ್ದು. ಅದರ ಮುಖ್ಯ ಆಕರ ‘ರಾಜಾದರಿತ್ ಅಯೆದೌಬೊನ್’ ಎಂಬ ಗ್ರಂಥ. ಅದನ್ನು ಮೋನ್ ಭಾಷೆಯಿಂದ ಬರ್ಮೀ ಭಾಷೆಗೆ ತಂದವನು ಹದಿನಾರನೆಯ ಶತಮಾನದ ಬಿನ್ಯಾ ದಲಾ. ಅವನು ಬರಿಯ ಪಂಡಿತನಲ್ಲ. ಬಯಿನ್ನೌಂಗ್ ಚಕ್ರವರ್ತಿಯ ಮಂತ್ರಿ, ದೊಡ್ಡ ದಂಡನಾಯಕ. ಮೋನ್ ಮನೆಮಾತಿನವನಾಗಿದ್ದೂ ಬರ್ಮೀ ರಾಜನ ಬಲಗೈಯಾಗಿದ್ದವನು. ಲಾವೋಸ್ ದಂಡಯಾತ್ರೆ ವಿಫಲವಾದಾಗ ರಾಜನ ಕೋಪಕ್ಕೆ ಗುರಿಯಾಗಿ 1573ರಲ್ಲಿ ಗಡಿಪಾರಾಗಿ, ಅಲ್ಲಿಯೇ ತೀರಿಕೊಂಡ. ರಾಜನಿಗೂ ಸೇನಾನಿಗೂ ನಡುವಿನ ನಂಬಿಕೆ ಎಷ್ಟು ತೆಳುವಾದ ಎಳೆ ಎಂಬುದನ್ನು ಅವನು ಗ್ರಂಥದಿಂದ ಮಾತ್ರವಲ್ಲ, ತನ್ನ ಬಾಳಿನಿಂದಲೂ ಅರಿತಿದ್ದ. 1785ರಲ್ಲಿ ಇದೇ ಕಥೆ ಥಾಯ್ ಭಾಷೆಗೂ ಹೋಗಿ ಅಲ್ಲಿ ಬಹಳ ಜನಪ್ರಿಯವಾಯಿತು.

ಆವಾ ಮತ್ತು ಪೆಗು ನಲವತ್ತು ವರ್ಷ ಕಾದಾಡಿ ಪಡೆಯಲಾಗದ್ದನ್ನು ಕೊನೆಗೆ ಪಡೆದವರು ಯಾರು? ಅದೂ ಒಂದು ಪ್ರಾಂತದ ಊರೇ. 1385ರಲ್ಲಿ ಆವಾದ ಸೈನ್ಯ ಹಾದುಹೋಗಿದ್ದ ತೌಂಗೂ 1510ರಲ್ಲಿ ಅಲ್ಲಿನ ಅಧಿಕಾರಿ ಮಿಂಜಿ ನ್ಯೋನ ಕಾಲದಲ್ಲಿ ಆವಾದಿಂದ ಬೇರೆಯಾಯಿತು. ಅವನ ಮಗ ತಬಿನ್‌ಶ್ವೆಹ್ತಿ 1539ರಲ್ಲಿ ಪೆಗುವನ್ನು ಗೆದ್ದ. ಅವನ ನಂತರ ಬಂದ ಬಯಿನ್ನೌಂಗ್ 1555ರಲ್ಲಿ ಆವಾವನ್ನೂ ಗೆದ್ದ. ಲೌಕ್‌ಪ್ಯಾನ ಕೈಯಲ್ಲಿ ಆಗದೆಹೋದದ್ದನ್ನು ಇನ್ನೊಬ್ಬ ಪ್ರಾಂತಾಧಿಕಾರಿಯ ಮನೆತನ ಮಾಡಿ ತೋರಿಸಿತು. ಆ ಸಾಮ್ರಾಜ್ಯವೂ ಮುಂದೆ ಪ್ರಾಂತಗಳ ದಂಗೆಯಿಂದಲೇ ಕುಸಿಯಿತು. ಹದಿನೇಳನೆಯ ಶತಮಾನದ ರಾಜರು ಕಡೆಗೆ ಪಾಠ ಕಲಿತರು. ರಾಜವಂಶದವರು ಪ್ರಾಂತಗಳಲ್ಲಿ ನೆಲೆಸಕೂಡದು, ರಾಜಧಾನಿಯಲ್ಲಿ ಕಣ್ಣೆದುರಿಗೇ ಇರಬೇಕು. ಊರುಗಳನ್ನು ನೋಡಿಕೊಳ್ಳಲು ನೇಮಕಗೊಂಡ ಅಧಿಕಾರಿಗಳು ಹೋಗಬೇಕು ಎಂಬ ಕಟ್ಟಳೆ ಬಂದಿತು. ಊರನ್ನು ಉಣ್ಣುವವನು ಇನ್ನು ಊರಿನಿಂದ ದೂರ ಕುಳಿತು ಉಣ್ಣಬೇಕಾಯಿತು.

ಮ್ಯೌಂಗ್‌ಮ್ಯಾ ಈಗಲೂ ಇದೆ. ಮುಖಜಭೂಮಿಯ ಗದ್ದೆಗಳ ನಡುವೆ, ನದಿಯ ದಡದಲ್ಲಿ, ಅಕ್ಕಿಯ ವ್ಯಾಪಾರದ ಒಂದು ಪಟ್ಟಣ. ಒಂದು ಕಾಲಕ್ಕೆ ಅಲ್ಲಿಂದ ಹೊರಟ ಓಲೆಯೊಂದು ಎರಡು ರಾಜ್ಯಗಳನ್ನು ನಲವತ್ತು ವರ್ಷ ನಿದ್ದೆಗೆಡಿಸಿತ್ತು.